ಪಿಸ್ಲಾಡಿ

ಗಾಳಿಮರದ ಕಟ್ಟಿಗೆ ಉರಿದು ಬೂದಿಯಾಗಿ
ಸಂಜೆಯ ಪಾವು ಎಲ್ಲ ಹೊರಬಂದ ಮೇಲೂ
ಭಟ್ಟಿಯೊಳಗೆ ಒಂದಿಷ್ಟು ಕಾವು ಸುಮ್ಮನೆ ಉಳಿಯುತ್ತದೆ.
ಆ ಕಾವನ್ನು ಕೇಳಿಕೊಂಡು ಬಂದವಳು ಓಡಿಲ್,
ನೀಸ್ ಎಂಬ ಊರಿನವಳು. ಗೋಕರ್ಣದಿಂದ ಬಸ್ಸಿನಲ್ಲಿ ಕುಮಟೆಗೆ,
ಹೆಗಲ ಮೇಲೆ ಅಳ್ವೆಕೋಡಿಯ ಈರುಳ್ಳಿ ಜಡೆ.
ನಾಗವೇಣಿ ಪಟಗಾರ ಕೊಸರಿಗೆ ನಾಲ್ಕು ಗಡ್ಡೆ ಕೊಟ್ಟಳೆಂದು
ಅರ್ಧ ಹಿಂದಿಯಲ್ಲಿ, ಅರ್ಧ ಕೈಯಲ್ಲಿ ಹೇಳಿದಳು.

ಹಿಟ್ಟು ನನ್ನದೇ, ಪಾವಿನದು. ತಟ್ಟೆಯಲ್ಲಿ ಒತ್ತಿ ಹರಡಿದೆ.
ಹಿಟ್ಟು ಒಂದು ಬೆರಳಾದರೆ ಈರುಳ್ಳಿ ಅರ್ಧ ಬೆರಳು:
ಅವಳ ಅಜ್ಜಿಯ ಕಾನೂನು.
ಬಾಣಲೆಗೆ ನೀರು ಚಿಮುಕಿಸಹೋದರೆ ಕೈ ಹಿಡಿದಳು.
ಅದು ತಾನೇ ಅಳಲಿ, ಬಿಡು.
ಒಂದೂವರೆ ತಾಸು ಅತ್ತಿತು.
ಸೀಯಲಿಲ್ಲ. ಜೋನಿಬೆಲ್ಲದ ಬಣ್ಣಕ್ಕೆ ಬಂದು ನಿಂತಿತು.

ಅವಳ ಡಬ್ಬಿಯ ಮೀನು ಓಂ ಬೀಚಿನಲ್ಲೇ ಮುಗಿದಿತ್ತಂತೆ.
ಗಿರಿಜಿ ಖಾರ್ವಿಯ ಬುಟ್ಟಿಯಿಂದ ಒಣ ಬೆಳಂಜಿ ತಂದೆ.
ತೊಳೆದು, ಮುಳ್ಳು ಬಿಡಿಸಿ, ಎಣ್ಣೆಯಲ್ಲಿ ನೆನೆಸಿ
ಬಲೆಯ ಕಣ್ಣಿನ ಹಾಗೆ ಓರೆಯಾಗಿ ಜೋಡಿಸಿದೆವು.
ಕಣ್ಣಿಗೊಂದು ಕಪ್ಪು ಆಲಿವ್ ಬೇಕು.
ಆಲಿವ್ ಎಲ್ಲಿಂದ ತರಲಿ?
ಮುರುಗಲ ಸಿಪ್ಪೆ ಇತ್ತು.

ಒಂದು ಚೂರು ತಿಂದಳು. ತುಂಬ ಹೊತ್ತು ಬಾಗಿಲ ಕಡೆ ನೋಡಿ
"ಇದು ಅದಲ್ಲ" ಎಂದಳು.
ಇನ್ನೊಂದು ಚೂರು ತೆಗೆದುಕೊಂಡಳು.

ಅವಳ ಊರಿನ ಪಕ್ಕದ ಊರಲ್ಲಿ ಇದಕ್ಕೆ ಟೊಮೆಟೊ ಹಾಕುತ್ತಾರಂತೆ.
ಅದನ್ನು ಹೇಳುವಾಗ ಅವಳ ಮುಖ
ಅಂಕೋಲೆಯವರ ಮೀನುಸಾರಿನ ಮಾತು ಬಂದಾಗ
ನನ್ನ ಹೆಂಡತಿ ಅಪೊಲಿನಳ ಮುಖ.

ಏಪ್ರಿಲ್ ಕೊನೆಗೆ ಹೋದಳು. ನಾನು ಗುರುವಾರ ಗುರುವಾರ ಮಾಡುತ್ತ ಹೋದೆ.
ಪಿಸ್ಸಲಾದಿಯೇರ್ ಎನ್ನಲು ನಾಲಿಗೆ ಹೊರಳದ ಊರು
ಪಿಸ್ಲಾಡಿ ಎಂದಿತು, ಅದೇ ನಿಂತಿತು.
ಮೀನುಲಾರಿಯವರು ಹಸಿಮೆಣಸು ಕೇಳಿದರು, ಹಾಕಿದೆ.
ಭಾಗವತ ಮಾಸ್ತರಿಗೆ ಬೆಳಂಜಿ ಇಲ್ಲದ್ದು,
ಬೇರೆ ತಟ್ಟೆ, ಬೇರೆ ಚೂರಿ, ಹಳೇ ಪೇಪರಿನಲ್ಲಿ ಸುತ್ತಿ.
ಮಕ್ಕಳು ಮುರುಗಲನ್ನು ಮಾತ್ರ ಕಿತ್ತು ಚೀಪಿ
ಉಳಿದದ್ದನ್ನು ಅಪ್ಪನಿಗೆ ಕೊಡುತ್ತವೆ.

ಮೊನ್ನೆ ಸುದ್ದಿ ಬಂತು:
ಹೊನ್ನಾವರದಲ್ಲಿ ಮುಖ್ತಾರನ ಬೇಕರಿಯಲ್ಲೂ ಪಿಸ್ಲಾಡಿ ಇದೆಯಂತೆ,
ಮೇಲೆ ಮೊಟ್ಟೆ ಒಡೆದು ಹಾಕುತ್ತಾನಂತೆ.
ಮೊಟ್ಟೆ!
ನಾದುತ್ತಿದ್ದ ಕೈ ಹಿಟ್ಟಿನಲ್ಲೇ ನಿಂತಿತು.
"ಅದು ಪಿಸ್ಲಾಡಿಯೇ ಅಲ್ಲ" ಎಂದೆ,
ಯಾರೂ ಕೇಳಿರಲಿಲ್ಲ.

ಭಾನುವಾರ ಇಗರ್ಜಿ ಮುಗಿಸಿ
ಹೊನ್ನಾವರದ ಬಸ್ಸು ಹತ್ತುವವನಿದ್ದೇನೆ.
ಅಪೊಲಿನಳಿಗೆ ಹೇಳಿಲ್ಲ.