ಕಿಟಕಿಯಿಲ್ಲದ ಕೋಣೆ

ತುರ್ಕುವಿನಲ್ಲಿ ಮಾರ್ಚಿ. ಔರಾ ನದಿಯ ಮೇಲೆ ಹಿಮದ ಹಲಗೆ
ಸೀಳು ಬಿಟ್ಟ ತಟ್ಟೆಯ ಹಾಗೆ, ಒಡೆಯಲೂ ಒಲ್ಲದು, ಕೂಡಲೂ ಒಲ್ಲದು.
ಒದ್ದೆ ಬೂಟು ಕಳಚದೆ ಕೂತಿದ್ದೇವೆ ಟಿಕೆಟ್ಟಿನ ಅಂಗಡಿಯಲ್ಲಿ
ನಾನು ಮತ್ತು ಔಲಿಸ್.
ಎದುರಿಗೆ ಪಿಹ್ಲಾ ಎಂಬ ಹುಡುಗಿ
ಇಸ್ಪೀಟು ಹಂಚುವವಳಂತೆ ಹಡಗು ಹಂಚುತ್ತಿದ್ದಾಳೆ.

ಇದರಲ್ಲಿ ಐದು ಈಜುಕೊಳ, ಒಂದು ಜಾರುಬಂಡೆ.
ಇದರಲ್ಲಿ ಮಕ್ಕಳಿಗೆ ಪ್ರವೇಶವಿಲ್ಲ, ಬೇಕಾದಷ್ಟು ನಿದ್ದೆ.
ಇದು ನದಿಗಳಲ್ಲೇ ಹೋಗುವುದು, ಹೊಟ್ಟೆ ತೊಳಸುವುದಿಲ್ಲ.
ಇದರಲ್ಲಿ ರಾತ್ರಿಯೂಟಕ್ಕೆ ಕೋಟು ಕಡ್ಡಾಯ.
ಕೋಟಿದೆಯೇ, ಎನ್ನುತ್ತದೆ ಅವಳ ಕಣ್ಣು,
ಔಲಿಸನ ಸ್ವೆಟರಿನ ಸವೆದ ಮೊಣಕೈ ನೋಡಿ.
ಇದೆ. ಯಾರನ್ನಾದರೂ ಹೂಳುವ ದಿನ ಮಾತ್ರ ತೊಡುತ್ತಾನೆ.

ಪಕ್ಕದ ಮನೆಯ ಲೆಂಪಿ ನಾಲ್ಕು ಸಲ ಹೋಗಿ ಬಂದವಳು.
'ನಟ್ಟನಡುವೆ ಕೋಣೆ ಹಿಡಿ, ಓಲಾಟ ಕಡಿಮೆ.
ಕುಣಿತದ ಹಜಾರದ ಕೆಳಗೆ ಮಾತ್ರ ಬೇಡ,
ರಾತ್ರಿಯಿಡೀ ನೆತ್ತಿಯ ಮೇಲೆ ಪರರ ಹಿಮ್ಮಡಿ.'
ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಕೈಚೀಲದಲ್ಲಿ ಬೆಚ್ಚಗಿತ್ತು.

ನನಗೆ ಬೇಕಾದದ್ದು ಇಷ್ಟೆ: ಒಂದು ಬಾಲ್ಕನಿ,
ಎರಡು ಕುರ್ಚಿ, ಬೆಳಗಿನ ಕಾಫಿ,
ಅದರಾಚೆ ನಾನು ಒರೆಸಬೇಕಾಗಿಲ್ಲದ ನೀರು.
ಮೂವತ್ತೊಂದು ವರ್ಷ ಆಸ್ಪತ್ರೆಯ ನೆಲ ಒರೆಸಿದವಳು
ಕೇಳಿದ್ದು ಅತಿಯಾಯಿತೆ?

ಔಲಿಸ್ ಕನ್ನಡಕ ಹಣೆಗೇರಿಸಿ ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾನೆ,
ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವಂತೆ.
'ಇದರ ಬೆನ್ನು ತೀರಾ ಎತ್ತರ. ಗಾಳಿ ಹಿಡಿಯುತ್ತದೆ.'
'ಇದು ಇಟಲಿಯವರದು. ಚೆಂದ ಮಾಡುತ್ತಾರೆ. ಹೆಚ್ಚು ಚೆಂದ.'
'ಇದು ನಾವೇ ಕಟ್ಟಿದ್ದು. ಫೆಬ್ರುವರಿಯ ಬೆಸುಗೆ, ಮೈನಸ್ ಇಪ್ಪತ್ತಾರು. ಬೇಡ.'
ನಲವತ್ತು ವರ್ಷ ಕಬ್ಬಿಣಕ್ಕೆ ಕಬ್ಬಿಣ ಹೊಲಿದವನು
ಯಾವುದರಲ್ಲೂ ಒಂದು ರಾತ್ರಿ ಮಲಗಿದವನಲ್ಲ.
ಬಾಟಲಿ ಒಡೆದು, ಬ್ಯಾಂಡು ಬಾರಿಸಿ, ನೀರಿಗೆ ಬಿಟ್ಟ ದಿನ
ಬೇಲಿಯ ಈಚೆ ನಿಂತು ಸಾಸೇಜು ತಿಂದು
ಮನೆಗೆ ಬರುತ್ತಿದ್ದೆವು.

ಅಳೆದೂ ಸುರಿದೂ ಒಂದು ಗಂಟೆ. ಕಾಫಿ ಆರಿತು,
ಪಿಹ್ಲಾಳ ನಗು ಕೂಡ.
ಆಗ ಕೊನೆಯ ಹಾಳೆಯ ರಿಯಾಯಿತಿಯ ಮೂಲೆಯಲ್ಲಿ
ಅಂಚೆಚೀಟಿಯಷ್ಟು ಚಿತ್ರದ ಮೇಲೆ ಅವನ ಹೆಬ್ಬೆರಳು ನಿಂತಿತು.
ನೀಲಿ ಬಳಿದಿದ್ದಾರೆ. ಹೆಸರು ಮೂರನೆಯದು, ಯಾವುದೋ ಹೂವಿನದು.
'ಹೊಗೆಗೊಳವೆಯ ಓರೆ ನೋಡು, ಹಿಲ್ಕಾ,' ಎಂದ,
ಜಂಗುಳಿಯಲ್ಲಿ ಕಳೆದ ಮಗುವನ್ನು
ನೆತ್ತಿಯ ಸುಳಿಯಿಂದ ಗುರುತಿಸಿದವನಂತೆ.

'ಅದು ಹಳೆಯದು,' ಅಂದಳು ಪಿಹ್ಲಾ, ಪ್ರಾಮಾಣಿಕ ಹುಡುಗಿ.
'ಲಿಫ್ಟು ನಿಧಾನ. ಬಾಲ್ಕನಿ ಇಲ್ಲ.
ಮುಂದಿನ ವರ್ಷ ಗುಜರಿಗೆ ಅನ್ನುವ ಮಾತಿದೆ.'
'ಮೂರನೆಯ ಡೆಕ್ಕು,' ಎಂದ ಔಲಿಸ್. 'ಎಡಬದಿ. ಒಳಗಿನ ಕೋಣೆ.'
'ಕಿಟಕಿ?'
'ಬೇಡ.'

ಜಿಪುಣ, ಅಂದುಕೊಂಡೆ. ಅಂದೆ ಕೂಡ.
ಬೂಟಿನಿಂದ ನೆಲಕ್ಕಿಳಿದ ನೀರನ್ನು ನೋಡುತ್ತ
ಅವನು ಯಾಲ್ಮರಿಯ ಮಾತು ತೆಗೆದ.
ಇಷ್ಟು ವರ್ಷಗಳಲ್ಲಿ ಮೊದಲ ಸಲ. ಎರಡೇ ವಾಕ್ಯ.
ಗೋಡೆಗೆ ತಗಡು ಮುಚ್ಚುವ ಮುನ್ನ ಯಾಲ್ಮರಿ
ಸೀಮೆಸುಣ್ಣದಲ್ಲಿ ಒಳಗೆ ಏನೋ ಬರೆದ.
ಏನೆಂದು ಕೇಳಿದ್ದಕ್ಕೆ, ಊಟ ಮುಗಿಯಲಿ ಹೇಳುತ್ತೇನೆ ಅಂದ.

ಊಟದ ಗಂಟೆಗೆ ಮೊದಲೇ ಸಾರುವೆ ಕುಸಿದದ್ದು ಊರಿಗೆಲ್ಲ ಗೊತ್ತು.
ಕೋಟು ಹೊಲಿಸಿದ್ದು ಆ ವಾರವೇ.

ಪಿಹ್ಲಾ ಟೈಪು ಮಾಡುತ್ತಿದ್ದ ಬೆರಳು ಎತ್ತಿ ಹಿಡಿದಿದ್ದಳು.
ನಾನು ಲೆಕ್ಕ ಹಾಕಿದೆ: ಏಳು ರಾತ್ರಿ, ಕತ್ತಲ ಡಬ್ಬಿ,
ಗೋಡೆಯ ಕಡೆ ಮಗ್ಗುಲಾಗಿ ಎಚ್ಚರವಿರುವ ಗಂಡ.
'ಸ್ಕ್ರೂಡ್ರೈವರ್ ತರುತ್ತೀಯೇನು?' ಕೇಳಿದೆ.
'ಇಲ್ಲ,' ಎಂದ, ತುಂಬ ಬೇಗ.

ಮೇಲಿನ ಡೆಕ್ಕಿನಲ್ಲಿ ಕುರ್ಚಿ ಬಾಡಿಗೆಗೆ ಸಿಗುತ್ತವಂತೆ, ದಿನಕ್ಕೆ ನಾಲ್ಕು ಯೂರೋ.
ಎರಡು ಹೇಳಿದೆ. ಕಾಫಿಗೆ ಬರುತ್ತಾನೆ, ಬಾರದೆ ಎಲ್ಲಿ ಹೋಗುತ್ತಾನೆ.
ಹಣ ಕಟ್ಟಿ ಹೊರಬಂದಾಗ ನದಿ ಹಾಗೆಯೇ ಇತ್ತು.
ಕೋಟನ್ನು ಪೆಟ್ಟಿಗೆಗೆ ಹಾಕಬೇಕೋ ಬೇಡವೋ
ಇನ್ನೂ ತೀರ್ಮಾನವಾಗಿಲ್ಲ.