ಕುರ್ಚಿ ಬಾಡಿಗೆ

'ಶನಿವಾರದ ಆಟಗಳ ಪಟ್ಟಿ ನೀನೇ ಮಾಡಮ್ಮ'
ಅಂದರು ಜಿನದತ್ತ ಸಾರ್, ಚೆಕ್ಕುಗಳಿಗೆ ಸಹಿ ಹಾಕುತ್ತಲೇ.
'ಪೈಪೋಟಿ ಇರ್ಬೇಕು. ಇಲ್ಲಾಂದ್ರೆ ಜನ
ಊಟಕ್ಕೆ ಮಾತ್ರ ಏಳ್ತಾರೆ.'

ಪೀಣ್ಯ ಎರಡನೇ ಹಂತ, ಲಿಫ್ಟ್ ರಿಪೇರಿ ಕಂಪನಿ.
ಮೂವತ್ತೊಂದು ಜನ.
ಹೋದ ಯುಗಾದಿಗೆ ಮೂವತ್ತೈದಿದ್ದೆವು.

ಹಳೇ ಸ್ಟಾಕ್ ಶೀಟಿನ ಬೆನ್ನಿಗೆ ಬರೆಯುತ್ತ ಕೂತೆ.

ಹಗ್ಗಜಗ್ಗಾಟ.
ಹಗ್ಗಕ್ಕೇನು ಬರ ನಮ್ಮಲ್ಲಿ, ಉಕ್ಕಿನದ್ದೇ ಇದೆ ಗೋಡೌನು ತುಂಬ.
ಆದರೆ ಆ ಕಡೆ ಯಾರು, ಈ ಕಡೆ ಯಾರು?
ಮೆಕ್ಯಾನಿಕ್ಕುಗಳೆಲ್ಲ ಒಂದೇ ತುದಿ ಹಿಡಿದರೆ
ಆಫೀಸು ಮೊದಲನೇ ಎಳೆತಕ್ಕೇ ಮಣ್ಣು ಮುಕ್ಕುತ್ತೆ.
ಅವರಿಗದು ಗೆಲುವಲ್ಲ, ಬಾಕಿ ವಸೂಲಿ:
ಮೂರು ತಿಂಗಳ ಓವರ್‌ಟೈಮ್ ಬಿಲ್ಲು
ನನ್ನ ಡ್ರಾಯರಿನಲ್ಲೇ ಮಲಗಿದೆ.
ಕಲಸಿ ಹಂಚೋಣವೆಂದರೆ ಮುನಿಚೌಡಪ್ಪನ ಬೆನ್ನು,
ಯಶವಂತಪುರದಲ್ಲಿ ಲಿಫ್ಟಿನ ಗುಂಡಿಗೆ ಜಾರಿದ್ದು.
ನೀನು ಬೇಡ ಅಂದರೆ ಅವನಿಗೆ ಸಿಟ್ಟು,
ಇರಲಿ ಬಾ ಅಂದರೆ ನನಗೆ ದಿಗಿಲು.
ಅಡ್ಡಗೀಟು.

ನಿಂಬೆಹಣ್ಣು, ಚಮಚ.
ಬಾಯಲ್ಲಿ ಕಚ್ಚಿಕೊಂಡು, ಬೀಳಿಸದೆ, ಮಾತಾಡದೆ
ಗೆರೆಯಿಂದ ಗೆರೆಗೆ ನಡೆಯುವುದು.
ವರ್ಷವಿಡೀ ಆಡುತ್ತೇವಲ್ಲ.

'ಕ್ರಿಕೆಟ್ಟು' ಅಂತಾನೆ ನಯಾಜ್. ಹುಡುಗರೆಲ್ಲ ಹೂಂ ಅಂತಾರೆ.
ಸರಿ, ನಾವು ಏಳು ಹೆಂಗಸರು
ಬೌಂಡರಿಯಾಚೆ ಕೂತು ಕಡಲೆಕಾಯಿ ಸುಲಿಯುತ್ತ
ಕೈ ಬಿಡುವಾದಾಗ ಚಪ್ಪಾಳೆ ತಟ್ಟುತ್ತೇವೆ.

'ಖೋಖೋ ಹಾಕಿ ಮೇಡಂ' ಅಂದಳು ತನುಜಾ,
ಕಾಲೇಜಿನಲ್ಲಿ ಕಂಬ ಸುತ್ತಿದ ಕಾಲು,
ಈಗ ರಿಸೆಪ್ಷನ್ ಟೇಬಲ್ಲಿನ ಕೆಳಗೆ ದಿನಕ್ಕೆ ಒಂಬತ್ತು ತಾಸು.
ಆಸೆಯಾಯಿತು. ಎಣಿಸಿದೆ.
ಐವತ್ತು ದಾಟಿದವರು ಎಂಟು ಮಂದಿ.
ಕುಕ್ಕರಗಾಲಲ್ಲಿ ಕೂರಬಲ್ಲವರು ನಾಲ್ವರು,
ಏಳಬಲ್ಲವರು ಇಬ್ಬರು.

ಅಷ್ಟರಲ್ಲಿ ಸಾರೇ ಬಂದರು, ಪೆನ್ನು ಕೈಯಲ್ಲೇ.
'ಮ್ಯೂಸಿಕಲ್ ಚೇರ್ ಹಾಕಮ್ಮ. ಖರ್ಚಿಲ್ಲ,
ಹೇಳ್ಕೊಡೋ ಹಾಗೂ ಇಲ್ಲ, ಎಲ್ರಿಗೂ ಗೊತ್ತು.'

ಗೊತ್ತು ಸಾರ್.
ಹಾಡು ನಿಂತಾಗ ಒಂದು ಕುರ್ಚಿ ಕಮ್ಮಿ.
ಏಪ್ರಿಲ್ಲಿನಲ್ಲಿ ನಿಂತಿತಲ್ಲ, ಹಾಗೆ.
ವಿಲ್ಫ್ರೆಡ್ ಊಟದ ಡಬ್ಬಿ ಹಿಡಿದು ನಿಂತೇ ಇದ್ದ,
ತಿಂದು ಹೋಗಲೋ, ಹೋಗಿ ತಿನ್ನಲೋ ಗೊತ್ತಾಗದೆ.
ಅವನ ಕುರ್ಚಿಯ ಮೇಲೀಗ ಪ್ರಿಂಟರು ಕೂತಿದೆ.

ಇದ್ಯಾವುದನ್ನೂ ಬಾಯಿಬಿಟ್ಟು ಹೇಳಲಿಲ್ಲ ನಾನು.
'ಕುರ್ಚಿ ಬಾಡಿಗೆ ಜಾಸ್ತಿ ಸಾರ್' ಅಂದೆ.
ಅವರು ಪ್ರಿಂಟರಿನ ಕಡೆ ನೋಡಿದರು,
ಇಲ್ಲ, ಅದರ ಮೇಲಿನ ಕ್ಯಾಲೆಂಡರೋ.
'ಹಾಗಾದ್ರೆ ಬೇಡ ಬಿಡು.'

ಮಧ್ಯಾಹ್ನ ಗೋಡೌನಿನಲ್ಲಿ ಪುಟ್ಟಬೋರಯ್ಯ
ಸವೆದ ಬ್ರೇಕ್ ಡಿಸ್ಕುಗಳನ್ನು ಗುಜರಿಗೆ ಎಣಿಸುತ್ತಿದ್ದ.
ಅಂಗೈಯಗಲದವು, ಒಂದರ ಮೇಲೊಂದು, ಏಳು.
'ಲಗೋರಿ ಥರ ಇದೆಯಲ್ಲಯ್ಯ.'
ತಲೆ ಎತ್ತಲಿಲ್ಲ ಅವನು.
'ಬೀಳ್ಸೋದು ಯಾರು ಬೇಕಾದ್ರೂ ಬೀಳಿಸ್ತಾರೆ ಮೇಡಂ,
ಈ ಆಟದಲ್ಲಿ ಬೀಳಿಸಿದೋರೇ ಜೋಡಿಸ್ಬೇಕು,
ಅದೂ ಏಟು ತಪ್ಪಿಸ್ಕೊಂಡು.'
ಎಂಟನೆಯದನ್ನಿಟ್ಟ. ಲಗೋರಿ ಹೋಯಿತು.
ತೂಕಕ್ಕೆ ಬರೆದುಕೊಂಡ.

ಪಟ್ಟಿಯಲ್ಲಿ ಒಂದೇ ಹೆಸರು ಉಳಿಯಿತು.
ಚೆಂಡು ಬಟ್ಟೆಯದು. ತಂಡ ಚೀಟಿ ಎತ್ತಿ.
ಮುನಿಚೌಡಪ್ಪನಿಗೆ ಸೀಟಿ, ಊದೋಕೆ ಬೆನ್ನು ಬೇಕಾಗಿಲ್ಲ.
ಮಿಕ್ಕವರು ಮೂವತ್ತು: ಹದಿನೈದು, ಹದಿನೈದು.
ಲೆಕ್ಕ ಸರಿಹೋಯಿತು ಅಂತ ಗೀಟೆಳೆಯುವಾಗ
'ನಾನೂ ಆಡ್ಲೇನಮ್ಮ?' ಅಂದರು ಸಾರ್,
ಶಾಲೆ ಬದಲಾಯಿಸಿದ ಹುಡುಗನ ಹಾಗೆ.

'ಮೂವತ್ತೊಂದಾಗುತ್ತೆ ಸಾರ್.
ಒಂದು ಕಡೆಗೆ ಒಬ್ಬರು ಕಮ್ಮಿ ಬೀಳ್ತಾರೆ.'

ಇಬ್ಬರೂ ಸುಮ್ಮನಿದ್ದೆವು.
ವಿಲ್ಫ್ರೆಡ್ ನಂಬರು ಇನ್ನೂ ನನ್ನ ಫೋನಿನಲ್ಲಿದೆ.
ಶನಿವಾರ ಅವನಿಗೆ ಬಿಡುವಿದೆಯೋ ಏನೋ.
ಸಾರ್ ತಮ್ಮ ಚೆಕ್ಕುಗಳಿಗೆ ವಾಪಸ್ಸು ಹೋದರು,
ಪೆನ್ನಿನ ಕ್ಯಾಪು ನನ್ನ ಟೇಬಲ್ಲಿನ ಮೇಲೇ ಬಿಟ್ಟು.