ತಾಳು

ನಾನು ಕುರಿ ತೂಗುವವಳು.
ಕಾರ್ವೆನ್ ಸಂತೆಮಾಳದ ಗೇಟಿನ ಪಕ್ಕ
ನೆಲಕ್ಕೆ ಹುದುಗಿಸಿದ ಕಬ್ಬಿಣದ ಹಲಗೆ,
ಅದರ ಮೇಲೆ ನಿಂತದ್ದರ ನಿಜ ಹೇಳುವುದಷ್ಟೇ ಕೆಲಸ.
ಕುರಿ, ಕುರಿಯ ಲಾರಿ, ಹುಲ್ಲಿನ ಟ್ರೇಲರು,
ಒಮ್ಮೆ, ಪಂತ ಕಟ್ಟಿಕೊಂಡು, ಊರಿನ ರಗ್ಬಿ ತಂಡ ಪೂರ್ತಿ.

ಇಡ್ವಾಲ್ ಮೊದಲು ಬಂದದ್ದು ಮಾರ್ಚಿಯಲ್ಲಿ, ಇನ್ನೂ ಬೆಳಕು ಹರಿದಿರಲಿಲ್ಲ.
ಬಿಳಿ ವ್ಯಾನು. ಹಿಂಬದಿ ಕುಸಿದು ಮೂತಿ ಮೇಲೆದ್ದು
ದೀಪ ಎರಡೂ ರಸ್ತೆ ಬಿಟ್ಟು ಮರದ ತುದಿ ನೋಡುತ್ತಿದ್ದವು.
"ಇದನ್ನು ತೂಗುತ್ತೀಯಾ?" ಎಂದ,
ಜ್ವರದ ಮಗುವನ್ನು ಎತ್ತಿಕೊಂಡು ಬಂದವನ ದನಿಯಲ್ಲಿ.

ನಾಲ್ಕು ಸಾವಿರದ ಇನ್ನೂರ ಅರವತ್ತು ಕಿಲೊ.
ಬಾಗಿಲಿಗೆ ಬಡಿದ ತಗಡು ಹೇಳುವುದು ಮೂರೂವರೆ ಸಾವಿರ.
ಕೆಳಗಿಳಿದ. ಟೀ ಫ್ಲಾಸ್ಕನ್ನೂ ಇಳಿಸಿದ.
"ಈಗ ನೋಡು."
ಎಂಬತ್ತೆಂಟು ಕಡಿಮೆ.
"ನಾನಿಲ್ಲದಿದ್ದರೂ ಹೆಚ್ಚೇ," ಎಂದು ನಕ್ಕ.
ನನಗೆ ನಗು ಬರಲಿಲ್ಲ. ಚೀಟಿ ಹರಿದು ಕೊಟ್ಟೆ.
ಗಾಜಿನ ಮೇಲಿನ ಬಿಸಿಲುಮರೆಗೆ ಸಿಕ್ಕಿಸಿಕೊಂಡ.

ಬಚ್ಚಲಿನ ಟೈಲು, ಟೈಲು ಕೂರಿಸುವ ಗಾರೆ,
ಇಪ್ಪತ್ತೈದು ಕಿಲೊದ ಮೂಟೆ ಮೂಟೆ ಮೂಟೆ,
ಬಾಲಾ ದಾಟಿ, ಗುಡ್ಡ ದಾಟಿ,
ಕಡಲಂಚಿನಲ್ಲಿ ಯಾರದೋ ರಜೆಯ ಮನೆಗೆ.
ಎರಡು ಟ್ರಿಪ್ಪಿನ ಸರಕು ಒಂದರಲ್ಲೇ ಮುಗಿಯಬೇಕು.
ಕೇಳಿದರೆ ಡಿಪೋದ ರಸೆಲ್
ವ್ಯಾನಿನ ಬೆನ್ನು ತಟ್ಟಿ "ತಾಳುತ್ತೆ" ಅನ್ನುತ್ತಾನಂತೆ.
ಸ್ಪ್ರಿಂಗು ತಾಳುತ್ತೆ. ಟೈರು ತಾಳುತ್ತೆ.
ಹೋದ ವರ್ಷದ ಹುಡುಗ ತಾಳಿದ್ದ.
ಇವತ್ತೊಂದು ದಿನ.

ಆ ಒಂದು ದಿನದ ಚೀಟಿಗಳು
ಬೇಸಿಗೆಯ ಹೊತ್ತಿಗೆ ನಲವತ್ತೊಂದು.

ಸಿಕ್ಕಿಬಿದ್ದರೆ ದಂಡ ಯಾರಿಗೆ, ಕೇಳಿದೆ.
ಸ್ಟಿಯರಿಂಗಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಅದರಲ್ಲೂ ಈ ಎಮ್ಮೆ ಬರೆಯ ಕಬ್ಬಿಣ ತಾನೇ ಹೊತ್ತು ತರಬೇಕು.

ನನ್ನ ಕುರಿಗಳಿಗೆ ಕಾನೂನಿದೆ.
ಲಾರಿಯ ಅಂತಸ್ತಿಗೆ ಇಷ್ಟೇ, ಇಷ್ಟು ಗಂಟೆಗೊಮ್ಮೆ ನೀರು,
ಒಂದು ಕುಂಟಿದರೂ ಪಶುವೈದ್ಯೆ ರಟ್ಟು ಹಿಡಿದು ಬರುತ್ತಾಳೆ.
ಅವು ಅದೇ ಸಂಜೆ ಕಸಾಯಿಖಾನೆಗೆ ಹೋಗುತ್ತವೆ,
ಅದು ಬೇರೆ ಮಾತು.

ಜುಲೈಯಲ್ಲೊಂದು ದಿನ ಇಳಿಜಾರಿನಲ್ಲಿ ಬ್ರೇಕು ಬೆಣ್ಣೆಯಾಯಿತಂತೆ.
ತಿರುವಿನಲ್ಲಿ ಸೈಕಲ್ಲು ನಿಲ್ಲಿಸಿಕೊಂಡ ಮುದುಕ
ಟೋಪಿ ಸರಿಮಾಡಿಕೊಳ್ಳುತ್ತಿದ್ದನಂತೆ.
ಅಷ್ಟೇ ಹೇಳಿದ. ಮುಂದಿನದನ್ನು ನಾನು ಕೆದಕಲಿಲ್ಲ.
ಮುದುಕ ಬದುಕಿದ್ದಾನೆ, ಗುರುವಾರದ ಸಂತೆಗೆ ಬರುತ್ತಾನೆ,
ಮೊಟ್ಟೆಗೆ ಚೌಕಾಸಿ ಮಾಡುತ್ತಾನೆ,
ತನಗೂ ಗೋಡೆಗೂ ನಡುವೆ ಎಷ್ಟಿತ್ತೆಂದು
ಅವನಿಗೆ ಗೊತ್ತಿಲ್ಲ.

ಮರುದಿನ ಇಡ್ವಾಲ್ ನನ್ನ ತಗಡಿನ ಮಾಡಿನಡಿ ವ್ಯಾನು ತಿರುಗಿಸಿ
ಹಿಂಬಾಗಿಲು ತೆರೆದ.
ಒಂದೊಂದೇ ಮೂಟೆ, ಹೆಗಲೇರಿಸಿ, ಗೋಡೆಗೊತ್ತಿ.
ನಾನು ಎಣಿಸಿದೆ, ಅವನು ಎಣಿಸಲಿಲ್ಲ.
ಮೂವತ್ತೊಂದಕ್ಕೆ ನಿಲ್ಲಿಸಿ ಹಲಗೆಯ ಮೇಲೆ ಬಂದ:
ಮೂರು ಸಾವಿರದ ನಾನೂರ ಎಂಬತ್ತೈದು.
ದೀಪಗಳು ಮರದಿಂದಿಳಿದು ರಸ್ತೆಗೆ ಬಂದಿದ್ದವು.

ರಸೆಲ್‌ಗೆ ಫೋನು ಮಾಡಿದ. ಆ ಕಡೆ ಬಹಳ ಹೊತ್ತು
ಫೋರ್ಕ್‌ಲಿಫ್ಟಿನ ಸದ್ದು ಮಾತ್ರ.
ಆಮೇಲೆ: "ತಾಳು. ಕಳಿಸ್ತೀನಿ."

ಯಾರೂ ಬರಲಿಲ್ಲ.
ಒಯ್ಯಬೇಕೆಂದರೆ ಸಹಿ ಹಾಕಬೇಕು,
ಸಹಿ ಹಾಕಿದರೆ ಅವು ಆ ವ್ಯಾನಿನಲ್ಲಿ ಇದ್ದವೆಂದಾಗುತ್ತದೆ.
ಅವರ ಹಾಳೆಯಲ್ಲಿ ಎಲ್ಲ ತಾಳೆಯಾಗಿತ್ತು.
ಹಾಳೆಯಲ್ಲಿಲ್ಲದ ಏಳುನೂರ ಎಪ್ಪತ್ತೈದು ಕಿಲೊ
ನನ್ನ ಮಾಡಿನಡಿಯೂ ಇಲ್ಲ.

ಶೀತ ಹಿಡಿದು ಗಾರೆ ಚೀಲದೊಳಗೇ ಕಲ್ಲಾಯಿತು,
ಅವನ ಹೆಗಲು ಒತ್ತಿದ ತಗ್ಗು ಹಾಗೇ ಉಳಿದು.
ಕುರಿಗಾರರು ಈಗ ಅದರ ಮೇಲೆ ಕೂತು ಟೀ ಕುಡಿಯುತ್ತಾರೆ,
ಕೂರಲಿಕ್ಕೆ ಹದವಾಗಿದೆ ಅನ್ನುತ್ತಾರೆ.
ಇಡ್ವಾಲ್ ಯಾರದೋ ಟ್ರ್ಯಾಕ್ಟರಿನಲ್ಲಿ ಹುಲ್ಲು ಸಾಗಿಸುತ್ತಾನೆ.
ಸಂಬಳ ಕೇಳಿದರೆ ಹವೆಯ ಮಾತು ತೆಗೆಯುತ್ತಾನೆ.

ವ್ಯಾನು ಅದೇ. ಒಳಗೆ ಬೇರೆ ಹುಡುಗ, ಕಿವಿಯಲ್ಲಿ ಸಣ್ಣ ಓಲೆ.
ಅವನು ಇಲ್ಲಿ ನಿಲ್ಲಿಸುವುದಿಲ್ಲ.
ಬೇಕೂ ಇಲ್ಲ, ಹಿಂಬದಿಯ ಬಾಗು ನೋಡಿದರೆ ಸಾಕು,
ನನ್ನ ಕಣ್ಣಿಗೆ ಈಗ ಹಲಗೆ ಬೇಡ:
ನಾಲ್ಕು ಸಾವಿರ. ಮೇಲೆ ಇನ್ನೂ ಸ್ವಲ್ಪ.

ಇವತ್ತು ಬೆಳಿಗ್ಗೆ ಗೇಟಿಗೆ ಓಡಿಬಂದು ಕೈ ಎತ್ತಿದೆ,
ತಾಳು, ಅಂತ.
ಅವನೂ ಕೈ ಎತ್ತಿದ,
ಚೆನ್ನಾಗಿ ನಕ್ಕ,
ಗೇರು ಬದಲಿಸಿ ಗುಡ್ಡ ಹತ್ತಿದ.